ಗ್ಯಾಸ್ ಎಂದು ಹೇಳಿದ್ದು ನಾನೇ

ಎರಡು ವರ್ಷದ ಹಿಂದಿನ ಡಿಸೆಂಬರ್. ಫಜ್ರ್ ಆಗಿ ಸ್ವಲ್ಪ ಹೊತ್ತಾಗಿತ್ತು. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಚಪಾತಿ ಕಾವಲಿ, ಮಕ್ಕಳ ಸ್ಕೂಲ್ ವ್ಯಾನ್ ಬರಲು ಇನ್ನು ಇಪ್ಪತ್ತೇ ನಿಮಿಷ. ಆಗ ಖಾಲಾ ಫೋನ್ ಮಾಡಿದರು. ಖಾಲಾ ಎಂದರೆ ನನ್ನ ತಾಯಿಯ ತಂಗಿ. ಆಗ ಅವರಿಗೆ 58 ವರ್ಷ. ಹತ್ತು ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಫೋನನ್ನು ಸ್ಪೀಕರ್‌ಗೆ ಹಾಕಿ ಉಪ್ಪಿನ ಡಬ್ಬಿಗೆ ಒರಗಿಸಿಟ್ಟೆ.

"ಬೇಟಿ, ರಾತ್ರಿಯಿಂದ ಹೊಟ್ಟೆಯ ಮೇಲೆ ಒಂಥರಾ ಬಿಗಿತ. ದವಡೆಯೂ ಸೆಳೆಯುತ್ತದೆ. ವಾಂತಿ ಬಂದ ಹಾಗೆ ಆಗುತ್ತದೆ, ಬರುವುದಿಲ್ಲ."

ಹಿಂದಿನ ದಿನ ನಮ್ಮ ಬಳಗದಲ್ಲೇ ಒಂದು ವಲೀಮಾ ಇತ್ತು. ಖಾಲಾ ನನ್ನ ಎದುರಿನಲ್ಲೇ ಎರಡು ಸಲ ಬಿರಿಯಾನಿ ಹಾಕಿಸಿಕೊಂಡಿದ್ದರು. ನಾನು ಹೇಳಿದೆ: "ಗ್ಯಾಸ್ ಖಾಲಾ. ಜವಾರಿಶ್ ಕಮೂನಿ ಒಂದು ಚಮಚ ತಿಂದು ಬಿಸಿನೀರು ಕುಡಿಯಿರಿ. ಮಧ್ಯಾಹ್ನ ನೋಡೋಣ." ಒಂದೂವರೆ ನಿಮಿಷದಲ್ಲಿ ಮಾತು ಮುಗಿಯಿತು. ಚಪಾತಿ ಕೂಡ ಸೀಯಲಿಲ್ಲ.

ಅದು ಗ್ಯಾಸ್ ಆಗಿರಲಿಲ್ಲ. ಮಧ್ಯಾಹ್ನ ಒಂದೂವರೆಗೆ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದಾಗ ಹೃದಯಾಘಾತ ಎಂದು ತಿಳಿಯಿತು. ಅಲ್ಹಮ್ದುಲಿಲ್ಲಾಹ್, ಜೀವ ಉಳಿಯಿತು. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಉಳಿಯಲಿಲ್ಲ. ಈಗ ಮಹಡಿ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಮೊಮ್ಮಗನ ಕೋಣೆ ಮಹಡಿಯ ಮೇಲಿದೆ.

ಈ ಪುಟಗಳಲ್ಲಿ ರೋಗಿ ಏನು ತಿನ್ನಬೇಕು, ಏನು ಬಿಡಬೇಕು ಎಂದು ಬಹಳ ಬರೆದಿದ್ದೇವೆ. ಈ ಸಲ ರೋಗಿಯ ಪಕ್ಕದಲ್ಲಿ ನಿಂತು ತೀರ್ಮಾನ ಹೇಳುವವರ ತಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ಬರೆಯಬೇಕೆನಿಸಿತು. ಮೊದಲು ನನ್ನದೇ ತಲೆ.

ಆ ಒಂದೂವರೆ ನಿಮಿಷವನ್ನು ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ನನಗೆ ಗೊತ್ತಿಲ್ಲದ ವಿಷಯ ಅದರಲ್ಲಿ ಏನೂ ಇರಲಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದರೆ ನರಗಳು ಮಂದವಾಗಿ ಎದೆನೋವು ಜೋರಾಗಿ ಕಾಣಿಸದೆ ಇರಬಹುದು. ಹೆಂಗಸರಲ್ಲೂ ಹೃದಯಾಘಾತದ ಮುಖ್ಯ ಲಕ್ಷಣ ಎದೆನೋವೇ. ಆದರೆ ದವಡೆ, ಬೆನ್ನು, ಭುಜದ ನೋವು, ಉಬ್ಬಸ, ವಾಕರಿಕೆ, ಕಾರಣವಿಲ್ಲದ ಸುಸ್ತು ಅವರಲ್ಲಿ ಹೆಚ್ಚು ಕಾಣುತ್ತದೆ. ಇದನ್ನೆಲ್ಲ ಆ ವರ್ಷವೇ ಒಂದು ಮಹಿಳಾ ಶಿಬಿರದಲ್ಲಿ ಮೈಕ್ ಹಿಡಿದು ಹೇಳಿದ್ದೆ. ಕಲಿತದ್ದು ಇತ್ತು. ಬೇಕಾದ ಹೊತ್ತಿಗೆ ಅದು ಕೈಗೆ ಬರಲಿಲ್ಲ. ಏಕೆ?

ಮೊದಲನೆಯದು ಗಮನ. ನನ್ನ ಕಿವಿ ಫೋನಿನ ಕಡೆ, ಕಣ್ಣು ಹಾಲಿನ ಕಡೆ, ಮನಸ್ಸು ವ್ಯಾನಿನ ಕಡೆ. "ದವಡೆ" ಎಂಬ ಶಬ್ದ ನನ್ನ ಕಿವಿಗೆ ಬಿದ್ದಿತ್ತು, ಏಕೆಂದರೆ ಆಮೇಲೆ ಅದು ಸ್ಪಷ್ಟವಾಗಿ ನೆನಪಾಯಿತು. ಆದರೆ ಆ ಕ್ಷಣದಲ್ಲಿ ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ.

ಎರಡನೆಯದು, ಹೇಳಲು ನಾಚಿಕೆಯಾಗುತ್ತದೆ, ಬೇಸರ. ಖಾಲಾ ವಾರಕ್ಕೆ ಎರಡು ಸಲವಾದರೂ ಏನಾದರೊಂದು ತೊಂದರೆ ಹೇಳುವವರು. ಮಂಡಿ, ತಲೆಸುತ್ತು, ನಿದ್ದೆ. "ಮತ್ತೆ ಶುರುವಾಯಿತು" ಎಂಬ ಭಾವ ಅವರ ಹೆಸರು ಪರದೆಯ ಮೇಲೆ ಕಂಡಾಗಲೇ ನನ್ನೊಳಗೆ ಎದ್ದಿತ್ತು. ಅವರು ಬಾಯಿ ತೆರೆಯುವ ಮೊದಲೇ ಅರ್ಧ ತೀರ್ಮಾನ ಆಗಿತ್ತು.

ಮೂರನೆಯದು ಬಿರಿಯಾನಿ. ಅದನ್ನು ನಾನು ಕಣ್ಣಾರೆ ನೋಡಿದ್ದೆ. ಕಣ್ಣಾರೆ ನೋಡಿದ್ದು ಕಾರಣವೂ ಆಗಿರಬೇಕು ಎಂದು ಮನಸ್ಸು ತಾನೇ ಜೋಡಿಸಿಕೊಂಡಿತು. ವಲೀಮಾದಲ್ಲಿ ಬಿರಿಯಾನಿ ತಿಂದವರು ಮುನ್ನೂರು ಜನ. ದವಡೆ ಸೆಳೆಯುತ್ತದೆ ಎಂದು ಫೋನ್ ಮಾಡಿದವರು ಒಬ್ಬರೇ. ಈ ಲೆಕ್ಕ ಆಗ ಹೊಳೆಯಲಿಲ್ಲ.

ಇವುಗಳ ಅಡಿಯಲ್ಲಿ ಇನ್ನೊಂದಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ತಿಂಗಳುಗಳೇ ಬೇಕಾದವು. ಹೆದರಿಕೆ. ನನ್ನ ತಾಯಿ ತೀರಿಕೊಂಡ ಮೇಲೆ ಖಾಲಾನೇ ನನಗೆ ತಾಯಿ. ಅದು ಹೃದಯದ ತೊಂದರೆ ಆಗಿರಬಾರದು ಎಂದು ನನಗೆ ಬೇಕಿತ್ತು. ಬೇಡದ್ದನ್ನು ಮನಸ್ಸು ಕಾಣುವುದಿಲ್ಲ. ಪರಿಚಯವಿಲ್ಲದ ಹೆಂಗಸೊಬ್ಬರು ಕ್ಲಿನಿಕ್‌ಗೆ ಬಂದು ಇದೇ ಮಾತು ಹೇಳಿದ್ದರೆ ಕುರ್ಚಿಯಿಂದ ಎದ್ದು ಆಟೋ ಕರೆಸುತ್ತಿದ್ದೆ.

ನಮ್ಮ ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳು ಎಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಅದರ ಹೆಸರು. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಎಚ್ಚರ, ಮಲಮೂತ್ರಾದಿಗಳ ವಿಸರ್ಜನೆ ಮತ್ತು ತಡೆ. ನಾಲ್ಕನೆಯದನ್ನು ಗಮನಿಸಿ. ಕೋಪ, ಭಯ, ದುಃಖ, ಸಂತೋಷ, ಚಿಂತೆ, ನಾಚಿಕೆ ಎಲ್ಲವೂ ಅದರಲ್ಲಿ ಬರುತ್ತವೆ. ಗಾಳಿ ನೀರಿನ ಹಾಗೆಯೇ ಇವೂ ದೇಹವನ್ನು ಬದಲಿಸುತ್ತವೆ ಎಂದು ಹಳೆಯ ತಬೀಬರು ಎಣಿಸಿದ್ದರು. ಅದಕ್ಕೇ ಕೋಪದಲ್ಲಿರುವವರ, ಓಡಿ ಬಂದವರ, ಈಗಷ್ಟೇ ಉಂಡವರ ನಾಡಿ ನೋಡಬಾರದು ಎಂಬ ನಿಯಮ. ಇಂದು ಬಿಪಿ ಯಂತ್ರಕ್ಕೂ ಅದೇ ಮಾತು. ಅರ್ಧ ಗಂಟೆ ಮುಂಚೆ ಚಹಾ, ಬೀಡಿ ಸಿಗರೇಟು ಬೇಡ. ಮೂತ್ರ ಮಾಡಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕುಳಿತ ಮೇಲೆ ನೋಡಬೇಕು. ಸೊಸೆಯೊಂದಿಗೆ ಜಗಳವಾಡುತ್ತಾ ಪಟ್ಟಿ ಕಟ್ಟಿಸಿಕೊಂಡು "160 ಬಂತು, ಮಾತ್ರೆ ಜಾಸ್ತಿ ಮಾಡಿ" ಎನ್ನುವವರು ನನ್ನಲ್ಲಿಗೆ ವಾರಕ್ಕೊಬ್ಬರಾದರೂ ಬರುತ್ತಾರೆ.

ರೋಗಿಯ ನಾಡಿಗೆ ಇಷ್ಟು ನಿಯಮ ಇದೆ. ನಾಡಿ ಹಿಡಿಯುವ ಕೈಯ ಹಿಂದಿನ ಮನಸ್ಸು ಕೋಪದಲ್ಲಿದೆಯೋ ಅವಸರದಲ್ಲಿದೆಯೋ ಎಂದು ಕೇಳುವವರು ಯಾರು? ಮನೆಯಲ್ಲಿ ಆ ಕೈ ವೈದ್ಯರದ್ದೇ ಆಗಿರಬೇಕಿಲ್ಲ. ಮಗುವಿನ ಜ್ವರಕ್ಕೆ "ಹಲ್ಲು ಬರುತ್ತಿದೆ ಅಷ್ಟೇ" ಎನ್ನುವ ದಾದಿ, ಹೆಂಡತಿಯ ಸುಸ್ತಿಗೆ "ಮೊಬೈಲ್ ನೋಡಿ ನೋಡಿ" ಎನ್ನುವ ಗಂಡ, ಎಲ್ಲರೂ ತೀರ್ಮಾನ ಕೊಡುವವರೇ.

ಹೆದರಿಕೆ ನಮ್ಮನ್ನು ಎರಡು ದಿಕ್ಕಿಗೂ ತಳ್ಳುತ್ತದೆ. 2025ರ ಮೇ ಕೊನೆಯಿಂದ ಜುಲೈವರೆಗೆ ಹಾಸನ ಜಿಲ್ಲೆಯಿಂದ ಬಂದ ಸುದ್ದಿ ಎಲ್ಲರಿಗೂ ನೆನಪಿರುತ್ತದೆ. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವು ಎಂದು ದಿನಾ ಟಿವಿಯಲ್ಲಿ ಎಣಿಕೆ ನಡೆಯಿತು. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಆಗಿತ್ತು. ಹಾಸನದ ವಿಷಯದಲ್ಲಿ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಎಣಿಕೆಗೆ ಸೇರಿದ್ದ ಕೆಲವು ಸಾವುಗಳು ಹೃದಯಕ್ಕೆ ಸಂಬಂಧಿಸಿದ್ದೇ ಆಗಿರಲಿಲ್ಲ ಎಂದು ಆಗ ತಿಳಿಯಿತು. ಕೊರೋನಾ ಲಸಿಕೆಗೂ ಹಠಾತ್ ಸಾವುಗಳಿಗೂ ಸಂಬಂಧ ಕಂಡುಬಂದಿಲ್ಲ, ಸಕ್ಕರೆ ಕಾಯಿಲೆ, ಬಿಪಿ, ಕೊಬ್ಬು, ಧೂಮಪಾನದಂಥ ಹಳೆಯ ಕಾರಣಗಳೇ ಕಾಣುತ್ತವೆ ಎಂದು ವರದಿ ಬಂತು. ಆ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಲಸಿಕೆಯೇ ಕಾರಣ ಎಂದು ತೀರ್ಪಾಗಿತ್ತು. ಮೊದಲು ಕೇಳಿದ ಕಾರಣ ತಲೆಯಲ್ಲಿ ಕುಳಿತರೆ ಆಮೇಲೆ ಬಂದ ವರದಿಗೆ ಅಲ್ಲಿ ಜಾಗ ಇರುವುದಿಲ್ಲ.

ಆ ತಿಂಗಳು ನನ್ನ ಕ್ಲಿನಿಕ್‌ಗೆ ಬಂದ ಹುಡುಗರನ್ನು ನೋಡಬೇಕಿತ್ತು. ಇಪ್ಪತ್ತೈದು, ಇಪ್ಪತ್ತೆಂಟು ವರ್ಷದವರು. "ಹೃದಯ ಗಟ್ಟಿಯಾಗಲು ಖಮೀರಾ ಕೊಡಿ." ಒಬ್ಬ ಹುಡುಗ ಎರಡು ಕಡೆ ಇಸಿಜಿ ಮಾಡಿಸಿಕೊಂಡು ಮೂರನೆಯದಕ್ಕೆ ಹೊರಟಿದ್ದ. ಮನೆಯಲ್ಲಿ ಯಾರಿಗೆ ಏನಿದೆ ಎಂದು ಕೇಳಿದೆ. ತಂದೆಗೆ 61 ವರ್ಷ, ಸಕ್ಕರೆ ಕಾಯಿಲೆ, ದಿನಕ್ಕೆ ಒಂದು ಕಟ್ಟು ಬೀಡಿ, ಇತ್ತೀಚೆಗೆ ಮಸೀದಿಗೆ ನಡೆದು ಹೋಗುವಾಗ ಎದೆ ಹಿಡಿದ ಹಾಗಾಗಿ ಗೇಟಿನ ಹತ್ತಿರ ನಿಂತುಕೊಳ್ಳುತ್ತಾರೆ. "ಅಬ್ಬಾಗೆ ವಯಸ್ಸಾಯಿತಲ್ಲ, ಅದಕ್ಕೆ" ಎಂದ. ಟಿವಿಯಲ್ಲಿ ಸತ್ತವರು ಯುವಕರು, ಆದ್ದರಿಂದ ಅವನಿಗೆ ತನ್ನ ಬಗ್ಗೆ ಭಯ. ಮನೆಯಲ್ಲಿ ನಿಜವಾದ ಲಕ್ಷಣ ಇದ್ದ ಮನುಷ್ಯ ಅವನ ಕಣ್ಣಿಗೇ ಬೀಳಲಿಲ್ಲ. ನಡೆದಾಗ ಬಂದು ನಿಂತಾಗ ಹೋಗುವ ಎದೆಯ ಬಿಗಿತ ರಕ್ತನಾಳ ಕಿರಿದಾಗಿರುವುದರ ಹಳೆಯ ಗುರುತು. ತಂದೆಯನ್ನು ಕರೆದುಕೊಂಡು ಹೋಗು ಎಂದು ಚೀಟಿ ಬರೆದುಕೊಟ್ಟೆ.

ಈ ಗಾಬರಿಯ ಜೊತೆಗೇ ವಾಟ್ಸಾಪ್‌ನಲ್ಲಿ ಒಂದು ಔಷಧ ಓಡಾಡಿತು. ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆ ರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಸೇರಿಸುವುದು. ಬ್ಲಾಕ್ ಕರಗುತ್ತದಂತೆ. ಕರಗುವುದಿಲ್ಲ. ಬಾಟಲಿಯಲ್ಲಿ ಮಾಡಿಟ್ಟುಕೊಂಡು ಡಾಕ್ಟರು ಕೊಟ್ಟ ಕೊಬ್ಬಿನ ಮಾತ್ರೆ ಬಿಟ್ಟವರು ನನಗೇ ಗೊತ್ತಿದ್ದಾರೆ. ಇಲ್ಲಿ ಕೆಲಸ ಮಾಡುವುದು ಒಂದು ಹಳೆಯ ಊಹೆ: ಅಡುಗೆಮನೆಯದು, ಹಕೀಮರದು, ಗಿಡಮೂಲಿಕೆಯದು ಎಂದರೆ ಹಾನಿ ಇಲ್ಲ. ಯುನಾನಿ ವೈದ್ಯೆಯಾಗಿ ನಾನೇ ಹೇಳುತ್ತೇನೆ, ಈ ಊಹೆ ತಪ್ಪು. ಕುಶ್ತಾಗಳಲ್ಲಿ ಲೋಹ ಇರುತ್ತದೆ. ಅಳತೆ ತಪ್ಪಿದರೆ, ಕಲಬೆರಕೆ ಇದ್ದರೆ ಮೂತ್ರಪಿಂಡಕ್ಕೆ ಪೆಟ್ಟು. ಖಮೀರಾ, ದವಾವುಲ್ ಮಿಸ್ಕ್ ಹೃದಯಕ್ಕೆ ಬಲ ಕೊಡುವುದಕ್ಕೆಂದು ನಮ್ಮ ಗ್ರಂಥಗಳಲ್ಲಿವೆ, ನಾನೂ ಬರೆಯುತ್ತೇನೆ. ರಕ್ತನಾಳ ಮುಚ್ಚಿಕೊಂಡ ಹೊತ್ತಿನಲ್ಲಿ ಅವು ಚಿಕಿತ್ಸೆಯಲ್ಲ. ಅಂದು ಖಾಲಾಗೆ ಜವಾರಿಶ್ ಹೇಳಿದ್ದು ನಾನು. ಅದರಿಂದ ಹಾನಿಯಾಗಲಿಲ್ಲ, ಅದನ್ನು ತಿಂದು ಕಾಯುತ್ತಾ ಕುಳಿತದ್ದರಿಂದ ಆಯಿತು.

ಈಗ ಆ ದಿನದ ಉಳಿದ ಭಾಗ ಹೇಳುತ್ತೇನೆ. ನನ್ನನ್ನು ಹೆಚ್ಚು ಕಾಡುವುದು ಅದೇ.

ಬೆಳಿಗ್ಗೆ ಎಂಟಕ್ಕೆ ಖಾಲಾನ ಸೊಸೆ ಚಹಾ ಕೊಡಲು ಹೋದಾಗ ಅವರ ಕುತ್ತಿಗೆಯ ಹತ್ತಿರ ದುಪಟ್ಟಾ ಒದ್ದೆಯಾಗಿತ್ತು. ಡಿಸೆಂಬರ್ ಚಳಿ, ಫ್ಯಾನ್ ಹಾಕಿರಲಿಲ್ಲ. ಮುಖ ಬೂದಿ ಬಣ್ಣ. ಆ ಹುಡುಗಿ ಹತ್ತನೇ ತರಗತಿ ಓದಿದವಳು, ಮದುವೆಯಾಗಿ ಎರಡು ವರ್ಷ. ಅವಳಿಗೆ ಏನೋ ಸರಿಯಿಲ್ಲ ಅನಿಸಿತು. ಆದರೆ ಬಾಯಿ ತೆರೆಯಲಿಲ್ಲ. ಏಕೆ ಎಂದು ಆಮೇಲೆ ಕೇಳಿದೆ. "ಬಾಜಿ, ನೀವು ಡಾಕ್ಟರು. ನೀವೇ ಗ್ಯಾಸ್ ಅಂದಿದ್ದೀರಿ. ನಾನು ಹೇಗೆ ಹೇಳಲಿ?" ಹನ್ನೆರಡರ ಹೊತ್ತಿಗೆ ಖಾಲಾ ಬಚ್ಚಲಿನ ಬಾಗಿಲಲ್ಲಿ ಕುಸಿದಾಗಲೇ ಅವಳು ಕೂಗಿಕೊಂಡಿದ್ದು. ಎಂಟರಿಂದ ಹನ್ನೆರಡು, ನಾಲ್ಕು ಗಂಟೆ. ಮುಚ್ಚಿದ ನಾಳದ ಹಿಂದಿನ ಸ್ನಾಯು ಆ ಹೊತ್ತಿನಲ್ಲಿ ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಗಂಟೆಗಳಲ್ಲಿ ಕೊಟ್ಟಷ್ಟು ಫಲ ತಡವಾದರೆ ಕೊಡುವುದಿಲ್ಲ.

ಆ ಮನೆಯಲ್ಲಿ ಸರಿಯಾಗಿ ಗಮನಿಸಿದವಳು ಅವಳೊಬ್ಬಳೇ. ಅವಳಿಗೆ ಮಾತನಾಡುವ ಅಪ್ಪಣೆ ಇರಲಿಲ್ಲ. ಅಪ್ಪಣೆ ಕಿತ್ತುಕೊಂಡದ್ದು ನನ್ನ ಡಿಗ್ರಿ.

ಸಾವಿರ ವರ್ಷಕ್ಕೂ ಹಿಂದೆ ರಯ್ ನಗರದ ಅಬೂಬಕರ್ ಅಲ್ ರಾಝಿ ಈ ವಿಷಯ ಬರೆದಿದ್ದರು. ರಯ್ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥರಾಗಿದ್ದವರು, 925ರ ಸುಮಾರಿಗೆ ತೀರಿಕೊಂಡರು. ನಮ್ಮ ಔಷಧದ ಡಬ್ಬಿಯ ಮೇಲೆ ಇಂದಿಗೂ ಜಾಲೀನೂಸರ ಹೆಸರಿದೆ. ಜವಾರಿಶ್ ಜಾಲೀನೂಸ್ ಯಾರಿಗೆ ಗೊತ್ತಿಲ್ಲ? ಆ ಜಾಲೀನೂಸರನ್ನು ರಾಝಿ ಗುರುವೆಂದೇ ಗೌರವಿಸುತ್ತಿದ್ದರು. ಅವರ ಮಾತುಗಳ ಮೇಲಿನ ಸಂದೇಹಗಳೆಂದೇ ಒಂದು ಪುಸ್ತಕವನ್ನೂ ಬರೆದರು. ಮೆದುಳಿನ ಉರಿಯೂತದ ಲಕ್ಷಣ ಕಂಡವರಿಗೆ ರಕ್ತ ತೆಗೆದರೆ ಒಳ್ಳೆಯದೆಂಬುದು ಅಂದಿನ ನಂಬಿಕೆ. ರಾಝಿ ಒಂದು ಗುಂಪಿಗೆ ರಕ್ತ ತೆಗೆದು, ಇನ್ನೊಂದು ಗುಂಪಿಗೆ ಬೇಕೆಂದೇ ತೆಗೆಯದೆ ಬಿಟ್ಟು ನೋಡಿದ್ದಾಗಿ ಬರೆದಿದ್ದಾರೆ. ಅವರಿಗೆ ಸಿಕ್ಕ ಉತ್ತರ ಇಂದು ನಿಲ್ಲುವುದಿಲ್ಲ, ಅದು ಬೇರೆ ಮಾತು. ತನ್ನ ಊಹೆಯನ್ನೂ ಪರೀಕ್ಷೆಗೆ ನಿಲ್ಲಿಸಬೇಕು ಎಂದು ಅವರಿಗೆ ತೋಚಿತಲ್ಲ!

ಅವರದೇ ಇನ್ನೊಂದು ಪುಸ್ತಕ ತಿಬ್ಬೆ ರೂಹಾನಿ. ಮನಸ್ಸಿನ ಚಿಕಿತ್ಸೆಯ ಬಗ್ಗೆ. ಮನುಷ್ಯ ತನ್ನ ದೋಷವನ್ನು ತಾನೇ ಕಾಣುವುದು ಹೇಗೆ ಎಂಬುದಕ್ಕೇ ಅದರಲ್ಲಿ ಒಂದು ಅಧ್ಯಾಯವಿದೆ. ತನ್ನ ಮೇಲಿನ ಪ್ರೀತಿಯಿಂದ ಅವನಿಗೆ ಅದು ಕಾಣುವುದಿಲ್ಲ, ಆದ್ದರಿಂದ ಜೊತೆಗಿರುವ ವಿವೇಕಿಯೊಬ್ಬನಿಗೆ ಅಪ್ಪಣೆ ಕೊಟ್ಟು, ಒತ್ತಾಯ ಮಾಡಿ, ಹೇಳಿಸಿಕೊಳ್ಳಬೇಕು ಎಂಬುದು ಅದರ ಸಾರ. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗಾಗಿ ಓದಿದ್ದೆ. ಖಾಲಾನ ಸೊಸೆಯನ್ನು ನೋಡಿದ ಮೇಲೆ ಅರ್ಥವಾಯಿತು.

ನನ್ನ ಅಭಿಪ್ರಾಯ ಇಷ್ಟು. ನಮ್ಮ ಮನಸ್ಸನ್ನು ನಾವು ಗಮನಿಸಿಕೊಳ್ಳಬೇಕು ಎಂದು ಎಲ್ಲರೂ ಹೇಳುತ್ತಾರೆ. ಕಣ್ಣು ಮುಚ್ಚಿ ಉಸಿರು ಎಳೆದು ಬಿಡುವುದನ್ನು ಕಲಿಸುವ ಆ್ಯಪ್‌ಗಳೂ ಇವೆ. ಒಳ್ಳೆಯದೇ, ಬೇಡ ಎನ್ನುವುದಿಲ್ಲ. ಆದರೆ ಹಾಲು ಉಕ್ಕುವ ಹೊತ್ತಿನಲ್ಲಿ ಯಾರೂ ತನ್ನನ್ನು ತಾನು ಪೂರ್ತಿ ನೋಡಿಕೊಳ್ಳಲಾರರು. ನನ್ನ ಅವಸರ ನನಗೆ ಅವಸರದಂತೆ ಕಾಣಲಿಲ್ಲ, ಅನುಭವದಂತೆ ಕಂಡಿತು. ಇಂಥ ಹೊತ್ತಿನಲ್ಲಿ "ಅದು ನಿಮಗೆ ಹೇಗೆ ಗೊತ್ತು?" ಎಂದು ಕೇಳಬಲ್ಲ ಒಬ್ಬರು ಮನೆಯಲ್ಲಿರಬೇಕು. ನಮ್ಮ ಮನೆಗಳಲ್ಲಿ ಹಿರಿಯರ ಮುಂದೆ ಕಿರಿಯರು, ಗಂಡಸರ ಮುಂದೆ ಹೆಂಗಸರು, ಓದಿದವರ ಮುಂದೆ ಓದದವರು ಈ ಪ್ರಶ್ನೆ ಕೇಳಿದರೆ ಅದಬ್ ಇಲ್ಲ ಎನ್ನುತ್ತೇವೆ. ಅದಬ್ ಬೇಕು. ಅದರ ಹೆಸರಿನಲ್ಲಿ ಬೆವರು ಕಂಡವಳ ಬಾಯಿ ಮುಚ್ಚಬಾರದು. ಅವಳು ತಾನಾಗಿ ಕೇಳುವುದಿಲ್ಲ. ಹಿರಿಯರೇ ಮುಂಚಿತವಾಗಿ ಅಪ್ಪಣೆ ಕೊಟ್ಟಿರಬೇಕು.

ಮುಂಚಿತವಾಗಿ ಎಂಬುದೂ ಮುಖ್ಯ. ರಾಝಿಯ ಕಾಲದವರೇ ಆದ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸು ಎರಡರ ಆರೋಗ್ಯವನ್ನೂ ಒಂದೇ ಪುಸ್ತಕದಲ್ಲಿ ಬರೆದವರು. ಹಠಾತ್ ಕಾಯಿಲೆಗೆ ಮನೆಯಲ್ಲಿ ಔಷಧ ಇಟ್ಟುಕೊಳ್ಳುವ ಹಾಗೆ, ಮನಸ್ಸು ಕಲಕುವ ಹೊತ್ತಿಗೆ ಬೇಕಾದ ಯೋಚನೆಗಳನ್ನು ಶಾಂತವಾಗಿರುವಾಗಲೇ ಸಿದ್ಧಮಾಡಿ ಇಟ್ಟುಕೊಳ್ಳಿ ಎಂದು ಅವರ ಸಲಹೆ. ನಾವೂ ಹಾಗೆ ಮಾಡಿದ್ದೇವೆ. ಖಾಲಾನ ಮನೆಯ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿದೆ. ಹೊಕ್ಕುಳಿನಿಂದ ಮೇಲೆ ದವಡೆಯವರೆಗೆ, ಬೆನ್ನು ತೋಳು ಸೇರಿ, ಎಲ್ಲೇ ಆಗಲಿ ಹೊಸದಾಗಿ ಬಂದ ಬಿಗಿತ, ಭಾರ, ಉರಿ ಹದಿನೈದು ನಿಮಿಷ ನಿಂತರೆ, ಅಥವಾ ಜೊತೆಗೆ ತಣ್ಣನೆ ಬೆವರು, ಉಬ್ಬಸ, ತಲೆಸುತ್ತು ಇದ್ದರೆ ಕಾಯದೆ ಆಗಲೇ, ಮೊದಲು ಇಸಿಜಿ, ಆಮೇಲೆ ಜವಾರಿಶ್. ಕೆಳಗೆ 108. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು, ಬೀಡಿ ಸಿಗರೇಟು ಸೇದುವವರು ಇರುವ ಯಾವ ಮನೆಯಲ್ಲೂ ಇದನ್ನು ಅಂಟಿಸಬಹುದು. ಮೊದಲ ಇಸಿಜಿ ಸರಿ ಇದ್ದು ತೊಂದರೆ ಮುಂದುವರಿದರೆ ಮತ್ತೆ ತೆಗೆಯಬೇಕಾಗುತ್ತದೆ, ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯೂ ಬೇಕಾಗಬಹುದು. "ಒಂದು ಸಲ ನೋಡಿಯಾಯಿತಲ್ಲ" ಎಂದು ಎದ್ದು ಬರಬೇಡಿ.

ಖರ್ಚಿನ ಮಾತು. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯಡಿ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ, ಅನೇಕ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಉಚಿತ. ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದೂ ಉಚಿತ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಈ ವಾರವೇ, ಯಾರಿಗೂ ಏನೂ ಆಗದಿರುವಾಗ, ಕೇಳಿಟ್ಟುಕೊಳ್ಳಿ. ಬಿಲ್ಲಿನ ಹೆದರಿಕೆ ಎಷ್ಟೋ ಸಲ "ಅಲ್ಲಾಹ್ ನೋಡಿಕೊಳ್ಳುತ್ತಾನೆ, ಸ್ವಲ್ಪ ಕಾಯೋಣ" ಎಂದು ತವಕ್ಕುಲಿನ ದನಿಯಲ್ಲಿ ಮಾತಾಡುವುದನ್ನು ನಾನು ಕೇಳಿದ್ದೇನೆ.

ಇನ್ನೊಂದು ದನಿ ನಾಚಿಕೆಯದು. ಖಾಲಾ ತಿಂಗಳಾದ ಮೇಲೆ ನನಗೊಂದು ವಿಷಯ ಹೇಳಿದರು. ಅಂದು ಬೆಳಿಗ್ಗೆ ಅವರಿಗೂ ಒಳಗೊಳಗೆ ಆಸ್ಪತ್ರೆಗೆ ಹೋಗಬೇಕು ಅನಿಸಿತ್ತಂತೆ. ಇಸಿಜಿಗೆ ಎದೆ ತೆರೆಯಬೇಕು, ಒಳಗೆ ಗಂಡು ಹುಡುಗ ಇರುತ್ತಾನೆ ಎಂದು ಹಿಂಜರಿದು ನನಗೆ ಫೋನ್ ಮಾಡಿದ್ದರು. "ನೀನು ಗ್ಯಾಸ್ ಅಂದಾಗ ನನಗೆ ಎಷ್ಟು ಹಗುರವಾಯಿತು ಗೊತ್ತಾ?" ಎಂದರು. ಅವರಿಗೆ ಬೇಕಾದ ಉತ್ತರ, ನನಗೆ ಬೇಕಾದ ಉತ್ತರ, ಎರಡೂ ಒಂದೇ ಆಗಿತ್ತು. ಅಮ್ಮಂದಿರೇ, ಅಕ್ಕತಂಗಿಯರೇ, ಮಹಿಳಾ ನರ್ಸ್ ಬೇಕು ಎಂದು ಕೇಳಿ. ಪರದೆ ಎಳೆಯಲು, ಮೇಲೆ ಬಟ್ಟೆ ಹೊದಿಸಲು ಹೇಳಿ. ಬಹಳ ಕಡೆ ಮಾಡಿಕೊಡುತ್ತಾರೆ. ಮಹಿಳೆ ಇಲ್ಲದಿದ್ದರೆ ಅದಕ್ಕಾಗಿ ಕಾಯಬೇಡಿ.

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಖಾಲಾನ ಫೋನ್. "ಬೇಟಿ, ಏನಿಲ್ಲ, ಗ್ಯಾಸ್ ಅಂತ ಕಾಣುತ್ತದೆ. ಮಧ್ಯಾಹ್ನ ಪಾಯಾ ತಿಂದಿದ್ದೆ." ನಾನು ಟಿವಿ ಬಂದ್ ಮಾಡಿ ಎದ್ದು ಬೇರೆ ಕೋಣೆಗೆ ಹೋಗಿ ಕುಳಿತೆ. ಅಷ್ಟರಲ್ಲಿ ಸೊಸೆ ಅವರ ಕೈಯಿಂದ ಫೋನ್ ಕಿತ್ತುಕೊಂಡಳು. "ಬಾಜಿ, ಇಪ್ಪತ್ತು ನಿಮಿಷವಾಯಿತು. ಬೆವರಿಲ್ಲ, ಉಸಿರು ಸರಿ ಇದೆ, ದವಡೆ ನೋವಿಲ್ಲ ಅನ್ನುತ್ತಾರೆ. ಆದರೂ ಹಾಳೆಯಲ್ಲಿ ಬರೆದ ಹಾಗೆ ಆಟೋ ಕರೆದಿದ್ದೇನೆ. ನೀವು ಗ್ಯಾಸ್ ಅಂದರೂ ಹೋಗುತ್ತೇವೆ."

ಆ ರಾತ್ರಿ ಎರಡು ಸಲ ಇಸಿಜಿ, ಒಂದು ರಕ್ತಪರೀಕ್ಷೆ ಆಯಿತು. ಹಳೆಯದು ಬಿಟ್ಟರೆ ಹೊಸದು ಏನೂ ಇರಲಿಲ್ಲ. ಗ್ಯಾಸೇ. ಬೆಳಗಿನ ಜಾವ ಮೂರಕ್ಕೆ ಮನೆಗೆ ಬಂದ ಖಾಲಾ, ಆಟೋದವನು ಹೋಗಿ ಬರಲು ನಾಲ್ಕು ನೂರು ತೆಗೆದುಕೊಂಡ ಎಂದು ಇವತ್ತಿಗೂ ಸೊಸೆಯನ್ನು ಬೈಯುತ್ತಿದ್ದಾರೆ. ಸೊಸೆ ನಗುತ್ತಾಳೆ.